ಮಗನ ಬೆನ್ನುಮೂಳೆಯಲ್ಲಿ ಗಡ್ಡೆ ಇದೆಯಂತೆ, ಇದು ಕ್ಯಾನ್ಸರಾ?

ಮಗನಿಗೆ ಹದಿನೈದು ವರ್ಷ, ಎಂಆರ್‌ಐ ರಿಪೋರ್ಟಿನಲ್ಲಿ 'ಆಸ್ಟಿಯಾಯ್ಡ್ ಆಸ್ಟಿಯೋಮಾ ಇರಬಹುದು' ಅಂತ ಬರೆದಿದ್ದಾರೆ, ಭಯವಾಗಿದೆ ಅಂದಿದ್ದೀರಿ. ಅದು ಮೂಳೆಯಲ್ಲಿ ಬೆಳೆಯುವ ಒಂದು ಪುಟ್ಟ ಗಡ್ಡೆ. ಅದೇ ಆಗಿದ್ದರೆ ಕ್ಯಾನ್ಸರ್ ಅಲ್ಲಮ್ಮ. ಬೇರೆ ಕಡೆ ಹರಡುವುದಿಲ್ಲ.

ನಮ್ಮದು ಶಿಡ್ಲಘಟ್ಟದ ಹತ್ತಿರ ಹಳ್ಳಿ. ನನ್ನ ಮಗಳಿಗೂ ಇದೇ ಆಗಿತ್ತು. ಹಗಲೆಲ್ಲ ಓಡಾಡಿಕೊಂಡೇ ಇರುತ್ತಿದ್ದಳು. ರಾತ್ರಿ ನಾನು ರೇಷ್ಮೆ ಹುಳುವಿಗೆ ಸೊಪ್ಪು ಹಾಕಲು ಎದ್ದಾಗ ನೋಡಿದರೆ ಗೋಡೆಗೆ ಒರಗಿ ಕೂತಿರುತ್ತಿದ್ದಳು. ನೋವಿನ ಮಾತ್ರೆ ಕೊಟ್ಟರೆ ಸ್ವಲ್ಪ ಹೊತ್ತಿಗೆ ನಿದ್ದೆ. ಪರೀಕ್ಷೆ ಭಯ ಅಂದುಕೊಂಡೆವು. ಸುಮ್ನೆ ಎಣ್ಣೆ ತಿಕ್ಕಿದೆವು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಎಂಟು ತಿಂಗಳು ಹಾಗೇ ಹೋಯಿತು, ಬೆನ್ನು ಒಂದು ಕಡೆಗೆ ವಾಲಿತು. ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.

ರಾತ್ರಿ ಜಾಸ್ತಿಯಾಗುವ, ಮಾತ್ರೆಗೆ ಬೇಗ ಇಳಿಯುವ ನೋವೇ ಇದರ ದೊಡ್ಡ ಗುರುತು. ಗಡ್ಡೆ ಪುಟ್ಟದು, ಸಾಮಾನ್ಯವಾಗಿ 1.5 ಸೆಂಟಿಮೀಟರ್ ಒಳಗೆ. ಆದರೆ ಅದರಲ್ಲಿ ಪ್ರೋಸ್ಟಾಗ್ಲಾಂಡಿನ್ ಅನ್ನುವ ರಾಸಾಯನಿಕ ಜಾಸ್ತಿ ಉಂಟಾಗುತ್ತದೆ, ನೋವು ಅದರದ್ದು. ಐಬುಪ್ರೊಫೆನ್ ತರಹದ ಮಾತ್ರೆ ಅದನ್ನೇ ತಡೆಯುತ್ತದೆ. ಪಕ್ಕದ ಸ್ನಾಯು ಬಿಗಿದುಕೊಂಡು ಬೆನ್ನು ಬಾಗುತ್ತದೆ.

ಮೂಳೆಯ ಹಿಂಭಾಗದಲ್ಲಿ ಅಡಗಿರುವುದರಿಂದ ಎಕ್ಸ್‌ರೇಗೆ ಸಿಗುವುದು ಕಷ್ಟ. ಎಂಆರ್‌ಐನಲ್ಲಿ ಸುತ್ತಲಿನ ಊತವೇ ಎದ್ದು ಕಂಡು ಟಿಬಿಯೋ ಇನ್ನೊಂದೋ ಅನ್ನಿಸಬಹುದು. ತೆಳು ಪದರಗಳ ಸಿಟಿ ಸ್ಕ್ಯಾನ್ ಮಾಡಿದರೆ ನಡುವಿನ ಕಾಳಿನಂಥ ಚುಕ್ಕೆ ಚೆನ್ನಾಗಿ ಕಾಣುತ್ತದೆ. ನಿಮ್ಮ ಮಗನಿಗೆ ಅದು ಆಗಿಲ್ಲ ಅಲ್ವಾ? ಡಾಕ್ಟರನ್ನು ಮೊದಲು ಅದನ್ನೇ ಕೇಳಿ. ಗಡ್ಡೆ 2 ಸೆಂಟಿಮೀಟರ್ ದಾಟಿದ್ದರೆ ಆಸ್ಟಿಯೋಬ್ಲಾಸ್ಟೋಮಾ ಅನ್ನುವ ಇದೇ ತರಹದ ಇನ್ನೊಂದು ಗಡ್ಡೆ ಇರಬಹುದು. ಅದೂ ಕ್ಯಾನ್ಸರ್ ಅಲ್ಲ, ಆದರೆ ಬೆಳೆದು ನರ ಒತ್ತಬಹುದು. ಅದಕ್ಕೆ ಸಾಮಾನ್ಯವಾಗಿ ಆಪರೇಷನ್ನೇ ಬೇಕು.

ನನ್ನ ಮಗಳಿಗೆ ಬೆಂಗಳೂರಿನಲ್ಲಿ ಸಿಟಿ ಸ್ಕ್ಯಾನ್ ನೋಡಿಕೊಂಡು ಗಡ್ಡೆಗೆ ಸೂಜಿ ಇಳಿಸಿ, ತುದಿಯನ್ನು ಸುಮಾರು 90 ಡಿಗ್ರಿಗೆ ಕಾಯಿಸಿ ಸುಟ್ಟರು. ರೇಡಿಯೋ ಫ್ರೀಕ್ವೆನ್ಸಿ ಅಬ್ಲೇಶನ್ ಅನ್ನುತ್ತಾರೆ. ಕಾಯಿಸಿದ್ದು ಐದಾರು ನಿಮಿಷ ಅಷ್ಟೇ. ಊರಿಗೆ ಬಂದ ಮೂರನೇ ರಾತ್ರಿ ಸೊಪ್ಪು ಹಾಕಲು ಎದ್ದೆ. ಮಗಳು ಮಲಗಿಯೇ ಇದ್ದಳು.

ಎಲ್ಲರಿಗೂ ಈ ದಾರಿ ಆಗದು. ಗಡ್ಡೆ ನರಕ್ಕೆ ತೀರಾ ಹತ್ತಿರ ಇದ್ದರೆ ಬಿಸಿ ತಗಲುತ್ತದೆ, ಆಗ ಆಪರೇಷನ್ ಮಾಡಿ ತೆಗೆಯುತ್ತಾರೆ. ನರದಿಂದ ಎಷ್ಟು ದೂರ ಇದೆ ಅಂತ ಕೇಳಿ. ಬೆನ್ನು ಬಾಗಿದ್ದರೆ ತಡ ಮಾಡಬೇಡಿ. ವರ್ಷ ದಾಟಿದ ಬಾಗು ಗಡ್ಡೆ ಹೋದ ಮೇಲೂ ಉಳಿಯಬಹುದು. ಕಾಲಿನ ಶಕ್ತಿ ಕುಂದಿದರೆ, ಮೂತ್ರ ಕಟ್ಟಿದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಹೋಗುವಾಗ ರಿಪೋರ್ಟ್ ಜೊತೆ ಸ್ಕ್ಯಾನಿನ ಸಿಡಿಯನ್ನೂ ಒಯ್ಯಿರಿ.