ಅಸ್ಸಾಮಿ ಗದ್ಯ 1846ರಲ್ಲಿ ಹುಟ್ಟಿದ್ದಲ್ಲ

ಪ್ರಶ್ನೆ: ಅಸ್ಸಾಮಿ ಗದ್ಯ ಶುರುವಾಗಿದ್ದು ಅಮೆರಿಕನ್ ಮಿಷನರಿಗಳ ಪತ್ರಿಕೆಯಿಂದ ಅಲ್ವಾ ಸಾರ್?

ಅಲ್ಲ. ಈ ಮಾತು ಕೇಳಿ ಕೇಳಿ ಬೇಜಾರಾಗಿದೆ. ಯಾರೋ ವಿಡಿಯೊದಲ್ಲಿ ಹೇಳಿದ್ದನ್ನು ಸುಮ್ನೆ ನಂಬಬೇಡಿ.

ಆ ಪತ್ರಿಕೆ ಬಂದದ್ದು 1846ರಲ್ಲಿ. ಅದಕ್ಕೆ ಸುಮಾರು 250 ವರ್ಷ ಮೊದಲೇ, 16ನೇ ಶತಮಾನದ ಕೊನೆಯಲ್ಲಿ, ವೈಷ್ಣವ ಪಂಡಿತ ಭಟ್ಟದೇವರು ಭಾಗವತವನ್ನು ಗದ್ಯಕ್ಕೆ ತಂದಿದ್ದರು. ಗೀತೆಯನ್ನೂ ತಂದರು. ಹೆಸರು ‘ಕಥಾ ಭಾಗವತ’, ‘ಕಥಾ ಗೀತಾ’. ನಮ್ಮವರು ಎಡವುವುದು ಇಲ್ಲೇ. ‘ಕಥಾ’ ಅಂದ ಕೂಡಲೇ ಗೀತೆಯ ಮೇಲೆ ಕಟ್ಟಿದ ಕಥೆ ಅಂದುಕೊಳ್ಳುತ್ತಾರೆ. ಇಲ್ಲಿ ‘ಕಥಾ’ ಅಂದರೆ ಗದ್ಯ, ಅಷ್ಟೇ. ಬರೆಸಿದವರು ಗುರು ದಾಮೋದರದೇವರು. ಸಂಸ್ಕೃತ ಬಾರದ ಹೆಂಗಸರಿಗೂ ಶೂದ್ರರಿಗೂ ಭಾಗವತ ತಿಳಿಯಬೇಕು ಅನ್ನೋದು ಅವರ ಆಸೆ. ಅವರಿಗೂ ಮೊದಲಿನ ವೈಷ್ಣವ ಸಂತ ಶಂಕರದೇವರ ನಾಟಕಗಳಲ್ಲೂ ಗದ್ಯ ಇತ್ತು, ಆದರೆ ಅದು ಬ್ರಜಾವಳಿ ಎಂಬ ಮೈಥಿಲಿ ಬೆರೆತ ಸಾಹಿತ್ಯ ಭಾಷೆ, ಮನೆಮಾತಲ್ಲ.

ಆಮೇಲೆ ಅಸ್ಸಾಮನ್ನು ಆಳಿದ ಆಹೋಮ್ ಅರಸರ ಬುರಂಜಿಗಳು ಬಂದವು, ಅಂದರೆ ರಾಜ್ಯದ ಚರಿತ್ರೆ. ಮೊದಲು ತಾಯ್ ಆಹೋಮ್ ಭಾಷೆಯಲ್ಲಿದ್ದವು, ಬರಬರುತ್ತಾ ಅಸ್ಸಾಮಿಗೆ ತಿರುಗಿದವು. 1734ರ ‘ಹಸ್ತಿವಿದ್ಯಾರ್ಣವ’ ನೋಡಿ. ಆನೆಯ ಲಕ್ಷಣ, ಸಾಕಣೆ, ರೋಗಕ್ಕೆ ಮದ್ದು, ಜೊತೆಗೆ ಬಣ್ಣದ ಚಿತ್ರ. ಆನೆ ಮದ್ದನ್ನು ಬರೆಯುವಷ್ಟು ಪಳಗಿದ ಗದ್ಯ ಆಗಲೇ ಇತ್ತು!

ಹಾಗಂತ ಮಿಷನರಿಗಳ ಕೆಲಸ ಸಣ್ಣದಲ್ಲ. 1846ರಲ್ಲಿ ಶಿವಸಾಗರದಲ್ಲಿ ಪತ್ರಿಕೆ ಅಚ್ಚು ಹಾಕಿದಾಗ ‘ಅರುಣೋದಯ’ ಅನ್ನೋ ಅದರ ಹೆಸರನ್ನೂ ಜನ ಆಡುವ ಹಾಗೆ ‘ಒರುನೊದೊಇ’ ಎಂದೇ ಬರೆದರು. ಕೋರ್ಟು, ಶಾಲೆಗಳಲ್ಲಿ 1836ರಿಂದ ಬಂಗಾಳಿ ಹೇರಿದ್ದ ಕಾಲ ಅದು. ಅಸ್ಸಾಮಿ ಲೇಖಕ ಆನಂದರಾಮ್ ಢೇಕಿಯಾಲ್ ಫುಕನ್ ಮಿಷನರಿಗಳ ಜೊತೆ ನಿಂತು ಅಸ್ಸಾಮಿಯ ಪರ ವಾದಿಸಿದರು. 1873ರಲ್ಲಿ ಅಸ್ಸಾಮಿ ಮರಳಿ ಬಂತು. ಅಚ್ಚಿನ ಗದ್ಯ ಮಿಷನರಿಗಳಿಂದ ಬೆಳೆಯಿತು ಅನ್ನಿ, ಒಪ್ಪುತ್ತೇನೆ. ಹುಟ್ಟಿತು ಅನ್ನಬೇಡಿ.

ಪ್ರಶ್ನೆ: ಅಸ್ಸಾಮಿ ಬಂಗಾಳಿಯ ಉಪಭಾಷೆ ತಾನೇ?

ಅಲ್ಲ. ಲಿಪಿ ಹತ್ತಿರ ಇದ್ದ ಮಾತ್ರಕ್ಕೆ ಭಾಷೆ ಒಂದಾಗಲ್ಲ.

ಪ್ರಶ್ನೆ: ಹಳೇ ಅಸ್ಸಾಮಿ ಹಸ್ತಪ್ರತಿಯ, ಅಂದರೆ ಸಾಂಚಿಪಾತದ, ಒಂದು ಹಾಳೆ ಮಾರಾಟಕ್ಕಿದೆ. ತಗೊಳ್ಳಲಾ?

ದಯವಿಟ್ಟು ಬೇಡ. ಅಗರು ಮರದ ತೊಗಟೆ ಒಣಗಿಸಿ, ಉಜ್ಜಿ, ಉದ್ದಿನ ಗಂಜಿ ಬಳಿದು, ಹಳದಿ ಬಣ್ಣ ಹಾಕಿ ಮಾಡಿದ ಹಾಳೆ ಅದು. ಬಿಡಿ ಹಾಳೆ ಕೈಗೆ ಬಂತು ಅಂದರೆ ಜಾಸ್ತಿ ಸಲ ಯಾರೋ ಇಡೀ ಕಟ್ಟನ್ನು ಬಿಚ್ಚಿ ಚದುರಿಸಿದ್ದಾರೆ ಅಂತಲೇ ಅರ್ಥ. ಅದು ನಕಲಿಯಾದರೆ ನಿಮ್ಮ ದುಡ್ಡು ಹೋಯಿತು. ಅಸಲಿಯಾದರೆ ಒಂದು ಪುಸ್ತಕವೇ ಹೋಯಿತು.