ಹೂ ಮುಡಿಯುವುದಕ್ಕೆ ಮಾತ್ರೆ ಇಲ್ಲ

ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಇಂಥ ಅತ್ತೆ-ಸೊಸೆ ಆಪ್ತಸಲಹೆಗೆ ನನ್ನ ಬಳಿ ಬಂದಿದ್ದು ಇದೇ ಮೊದಲಲ್ಲ. ಆದರೆ ಈ ಸಲ ಕೇಳಿದ ಒಂದು ಮಾತು ತುಂಬ ದಿನ ಕಾಡಿತು. ಅದಕ್ಕೇ ಬರೆಯುತ್ತಿದ್ದೇನೆ.

ಸೊಸೆಗೆ 36 ವರ್ಷ. ಗಂಡ ತೀರಿಕೊಂಡು ಎರಡು ವರ್ಷ. ವರಮಹಾಲಕ್ಷ್ಮಿ ಹಬ್ಬದ ದಿನ ಕುಂಕುಮ ಇಟ್ಟು, ಮಲ್ಲಿಗೆ ಮುಡಿದು ಪಕ್ಕದ ಮನೆಗೆ ಹೋಗಿದ್ದರು. ಅಲ್ಲಿ ಯಾರೂ ಬೈಯಲಿಲ್ಲ. ಅರಿಶಿನ-ಕುಂಕುಮದ ತಟ್ಟೆ ಮಾತ್ರ ಇವರನ್ನು ದಾಟಿ ಮುಂದಿನವರಿಗೆ ಹೋಯಿತು. ಮರುವಾರ ಅತ್ತೆ ಕರೆದುಕೊಂಡು ಬಂದರು. "ಇವಳಿಗೆ ತಲೆ ಸರಿ ಇಲ್ಲ ಮೇಡಂ. ಡಾಕ್ಟರಿಗೆ ಹೇಳಿ ಏನಾದ್ರೂ ಮಾತ್ರೆ ಕೊಡಿಸಿ."

ನಿದ್ದೆ, ಊಟ, ಕೆಲಸ ಎಲ್ಲ ವಿಚಾರಿಸಿದೆ. ದುಃಖ ಇತ್ತು, ಕಾಯಿಲೆ ಇರಲಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 3ನೇ ಸೆಕ್ಷನ್ ಬಗ್ಗೆ ಅತ್ತೆಗೆ ಹೇಳಿದೆ. ಸಮುದಾಯದ ರೀತಿ-ನಂಬಿಕೆಗೆ ಹೊಂದಿಕೊಳ್ಳಲಿಲ್ಲ ಅಂದ ಮಾತ್ರಕ್ಕೆ ಯಾರನ್ನೂ ಮಾನಸಿಕ ರೋಗಿ ಅನ್ನುವಂತಿಲ್ಲ.

ಅತ್ತೆ ತುಂಬ ಹೊತ್ತು ತಮ್ಮ ಬರಿಗೈ ನೋಡಿಕೊಂಡು ಕೂತರು. ಆಮೇಲೆ ಕೇಳಿದರು. "ನಂಗೆ 26 ಆಗ. ಹನ್ನೊಂದನೇ ದಿನ ಬಳೆ ಒಡೆಸಿದ್ರು. ಈಗ ಇದೆಲ್ಲ ಬೇಕಾಗಿಲ್ಲ ಅಂದ್ರೆ, ನಾನು ಬಿಟ್ಟಿದ್ದೆಲ್ಲ ಸುಮ್ನೆ ಬಿಟ್ಟಿದ್ದಾ?"

ನಾನು ಅಲ್ಲಿವರೆಗೆ ಅವರನ್ನು ಎದುರು ಪಕ್ಷದವರು ಅಂತಲೇ ನೋಡುತ್ತಿದ್ದೆ. ಆ ಕಟ್ಟಳೆಗೆ ಎಲ್ಲರಿಗಿಂತ ಜಾಸ್ತಿ ಬೆಲೆ ತೆತ್ತವರೇ ಅದನ್ನು ಕಾಯುತ್ತಾ ಕೂತಿದ್ದರು. "ನೀವು ಬಿಡಲಿಲ್ಲಮ್ಮ. ನಿಮ್ಮಿಂದ ಬಿಡಿಸಿದ್ರು," ಅಂದೆ. ಅವರು ಅತ್ತರು. ಬಳೆ ಒಡೆಸಿದ ಕತೆಯನ್ನು ಸೊಸೆ ಕೇಳಿದ್ದು ಅವತ್ತೇ ಮೊದಲಂತೆ. ಒಂದೇ ಮನೆಯಲ್ಲಿದ್ದರೂ!

ಸೊಸೆಗೆ ಹೇಳಿದ್ದು: ಕುಂಕುಮ ಇಡೋಕೆ ನೀವು ಯಾರಿಗೂ ಕಾರಣ ಕೊಡಬೇಕಿಲ್ಲ. ಆದರೆ ಅತ್ತೆಯ ಜೊತೆ ವಾದ ಬೇಡ, ಅವರ ಕತೆ ಪೂರ್ತಿ ಕೇಳಿ. ತಟ್ಟೆ ದಾಟಿಸಿದ ಮನೆಗೆ ಮತ್ತೆ ಹೋಗಿ ಪರೀಕ್ಷೆ ಮಾಡಬೇಡಿ. ನಿಮಗೆ ಬೇಕಾದವರನ್ನು ನಿಮ್ಮ ಮನೆಗೇ ಕರೆದು ತಾಂಬೂಲ ಕೊಡಿ. ಅತ್ತೆಗೆ ಬೇರೆಯಾಗಿ ಬಂದು ಮಾತಾಡಲು ಹೇಳಿದೆ. ಅಷ್ಟು ವರ್ಷದ ದುಃಖವನ್ನು ಯಾರೂ ಕೇಳಿರಲಿಲ್ಲ.

ಸಂಪ್ರದಾಯ ಕೆಡಿಸುತ್ತೀರಿ ಅಂತ ನನ್ನನ್ನು ಕೆಲವರು ದೂರುತ್ತಾರೆ. ಅವರಿಗೆ ನಾನು ಹೇರವಾಡದ ಹೆಸರು ಹೇಳುತ್ತೇನೆ. ನಮ್ಮ ಗಡಿಯಾಚೆ, ಕೊಲ್ಹಾಪುರ ಜಿಲ್ಲೆಯ ಹಳ್ಳಿ ಅದು. 2022ರ ಮೇನಲ್ಲಿ ಅಲ್ಲಿನ ಗ್ರಾಮಸಭೆ ಬಳೆ ಒಡೆಯುವುದು, ಕುಂಕುಮ ಅಳಿಸುವುದು ಇನ್ನು ಬೇಡ ಅಂತ ಠರಾವು ಮಾಡಿತು. ಅದೇ ತಿಂಗಳು ಮಹಾರಾಷ್ಟ್ರ ಸರ್ಕಾರ ಉಳಿದ ಹಳ್ಳಿಗಳಿಗೂ ಹಾಗೇ ಮಾಡಲು ಹೇಳಿತು. ನಮ್ಮ ಮಂಗಳೂರಿನ ಕುದ್ರೋಳಿ ದೇವಸ್ಥಾನದಲ್ಲಿ 2013ರಲ್ಲೇ ವಿಧವೆಯರು ಅರ್ಚಕರಾದರು. ಊರು ಒಂದು ದಿನ ಕೂತು ಮಾತಾಡಿದರೆ ಸರಿಹೋಗುವ ತಪ್ಪು, ಆ ಹೆಂಗಸಿನ ತಲೆಯೊಳಗೆ ಇರೋದಕ್ಕೆ ಹೇಗೆ ಸಾಧ್ಯ?

ಅತ್ತೆ ಮೂರು ಸಲ ಬಂದರು. ಕುಂಕುಮ ಈಗಲೂ ಅವರಿಗೆ ಒಪ್ಪಿಗೆಯಿಲ್ಲ. ಮಾತ್ರೆಯ ಮಾತು ಮಾತ್ರ ನಿಂತಿದೆ. ಸಂಜೆ ಹೂ ತಂದರೆ, "ಫ್ರಿಜ್ಜಲ್ಲಿಡು, ಬಾಡಿಹೋಗುತ್ತೆ" ಅಂತಾರಂತೆ.