ಪ್ರಾರ್ಥನಾ ವಹಿಯಲ್ಲಿ ನೆಗೆಣ್ಣಿಯ ಮನೆ

ನನ್ನ ಬಳಿ ಸಲಹೆ ಕೇಳಿ ಬಂದ ಹೆಂಗಸೊಬ್ಬರ ಕಥೆ ಇದು. ಗುರುತು ಸಿಗದಂತೆ ಊರು, ವಯಸ್ಸು, ಮೊತ್ತ, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ಇಲ್ಲಿ ಅವರನ್ನು ಟೀಚರ್ ಎಂದಷ್ಟೇ ಕರೆಯುತ್ತೇನೆ.

ಅವರದು ಧಾರವಾಡ ಸೀಮೆಯ ಹಳೆಯ ಕ್ರೈಸ್ತ ಸಭೆ (ಚರ್ಚ್), ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ ಕಾಲದ್ದು. ಟೀಚರ್‌ಗೆ 45 ದಾಟಿದೆ. ಅನುದಾನಿತ ಶಾಲೆಯಲ್ಲಿ ಕೆಲಸ, ಸ್ತ್ರೀಯರ ಕೂಟದಲ್ಲಿ ಮುಂದಾಳು. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಸಭೆಯ ಪಾದ್ರಿ ಅಯ್ಯನವರೇ ಅವರನ್ನು ನನ್ನ ಬಳಿ ಕಳಿಸಿದ್ದರು. ರಾತ್ರಿ ನಿದ್ದೆಯಿಲ್ಲ, ದೇವರು ಪ್ರಾರ್ಥನೆ ಕೇಳುತ್ತಿಲ್ಲ ಅನ್ನುವುದು ಅವರ ದೂರು. ಕುಡಿತ ಬಿಡಿಸಿ ಅಂತ, ಸಿಟ್ಟು ತಡೆಯಲಾಗುತ್ತಿಲ್ಲ ಅಂತ ಜನ ಬರುತ್ತಾರೆ. ನನಗೆ ಲೋಭವಿದೆ ಅಂತ ಹೇಳಿಕೊಂಡು ಈವರೆಗೆ ಯಾರೂ ಬಂದಿಲ್ಲ. ಅದು ಬರುವಾಗ ಹೀಗೇ ಬೇರೆ ಹೆಸರು ಹೇಳಿಕೊಂಡು ಬರುತ್ತದೆ.

ಮೊದಲು ಡಾಕ್ಟರ ಬಳಿ ಕಳಿಸಿದೆ. ಆ ವಯಸ್ಸಿನಲ್ಲಿ ನಿದ್ದೆ ಕೆಡಲು ಥೈರಾಯ್ಡ್ ಇರಬಹುದು, ಮುಟ್ಟು ನಿಲ್ಲುವ ಹೊತ್ತಿನ ತೊಂದರೆ ಇರಬಹುದು, ಖಿನ್ನತೆಯೂ ಇರಬಹುದು. ಕಾಯಿಲೆಯನ್ನು ಪಾಪ ಅಂತ ಕರೆದು ಪ್ರಾರ್ಥನೆಗೆ ಕೂರಿಸುವುದು ನಮ್ಮ ಸಭೆಗಳಲ್ಲಿ ನಡೆಯುತ್ತಲೇ ಇದೆ, ಅದು ಕ್ರೌರ್ಯ. ವರದಿಗಳು ಸರಿಯಾಗಿಯೇ ಬಂದವು.

ಎರಡನೇ ಸಲ ಬರುವಾಗ ತಮ್ಮ ಪ್ರಾರ್ಥನಾ ವಹಿ ತಂದರು. ಉದ್ದನೆಯ ರೂಲ್ ವಹಿ, ರಟ್ಟಿಗೆ ಕಂದು ಕಾಗದದ ಹೊದಿಕೆ, ಮಕ್ಕಳ ವಹಿಗೆ ಅಂಟಿಸುವಂಥ ಲೇಬಲ್. ಎಡಪುಟದಲ್ಲಿ ಬೇಡಿಕೆ, ಬಲಪುಟದಲ್ಲಿ ಸ್ತೋತ್ರ, ಅಂದರೆ ದೇವರಿಗೆ ವಂದನೆ. ಮೊದಲ ಪುಟಗಳಲ್ಲಿ ಬಲಬದಿಯೇ ಹೆಚ್ಚು ತುಂಬಿತ್ತು: ಮಗಳ ಜ್ವರ ಇಳಿದದ್ದು, ಬಾಕಿ ಸಂಬಳ ಕೈಸೇರಿದ್ದು, ಅತ್ತೆ ಗುಣವಾಗಿ ಆಸ್ಪತ್ರೆಯಿಂದ ಮನೆಗೆ ಬಂದದ್ದು. ಈಚಿನ ಪುಟಗಳಲ್ಲಿ ಬಲಬದಿ ಖಾಲಿ. ಎಡಬದಿಯಲ್ಲಿ ಎರಡು ಅಂತಸ್ತಿನ ಮನೆ, ಬಿಳಿ ಕಾರು, 10 ತೊಲ ಬಂಗಾರ, ಮಗಳಿಗೆ ವಿದೇಶದಲ್ಲಿ ನರ್ಸಿಂಗ್ ಕೆಲಸ.

"ಕಾರು ಬಿಳಿದೇ ಯಾಕ್ರಿ?" ಅಂತ ಕೇಳಿದೆ.

ಟೀಚರ್ ಬಹಳ ಹೊತ್ತು ಸುಮ್ಮನಿದ್ದರು. ಮೈದುನ ಮತ್ತು ನೆಗೆಣ್ಣಿ ಕುವೈತಿನಲ್ಲಿದ್ದಾರೆ, ನೆಗೆಣ್ಣಿ ನರ್ಸ್. ಊರಲ್ಲಿ ಕಟ್ಟಿಸಿದ ಮನೆ ಎರಡು ಅಂತಸ್ತು, ನಿಂತಿರುವ ಕಾರು ಬಿಳಿಯದು. ವಹಿಯ ಎಡಪುಟ ಆಕೆಯ ಮನೆಯನ್ನೇ ನೋಡಿ ಬರೆದಂತಿತ್ತು.

"ಅಕ್ಕಾರ, ನಾ ಏನ್ ಕೆಟ್ಟದ್ದು ಬೇಡೀನ್ರಿ? ಮನಿ, ಮಕ್ಕಳು, ಅಷ್ಟ ಅಲ್ಲೇನ್ರಿ?"

ಬೇಡುವುದು ತಪ್ಪಲ್ಲ. ಅವರ ಮನೆಯ ಹಂಚು ಒಡೆದು ಮಳೆಗಾಲದಲ್ಲಿ ಸೋರುತ್ತದೆ. ಅದು ನಿಜವಾದ ಕೊರತೆ. ಅನುದಿನದ ಆಹಾರ ಕೇಳಲು ಕಲಿಸಿದ ಕರ್ತನು ಹಂಚಿನ ಮಾತು ಕೇಳಿ ಬೇಸರಪಡುವುದಿಲ್ಲ. ವಿಚಿತ್ರವೆಂದರೆ ಆ ಸೋರುವ ಹಂಚು ವಹಿಯಲ್ಲಿ ಎಲ್ಲೂ ಇರಲಿಲ್ಲ. ಬೈಬಲಿನ ಹತ್ತನೆಯ ಆಜ್ಞೆ (ವಿಮೋಚನಕಾಂಡ 20:17) ಮನೆ ಬೇಡ, ಎತ್ತು ಬೇಡ ಅನ್ನುವುದಿಲ್ಲ. ನೆರೆಯವನ ಮನೆ, ನೆರೆಯವನ ಎತ್ತು ಅಂತ ಗುರುತು ಹಾಕಿ ಹೇಳುತ್ತದೆ.

ಇದರ ಜೊತೆ ಸಾಲವೂ ಇತ್ತು. ಭಕ್ತಿ ಚೇತರಿಸಲೆಂದು ನಡೆಸುವ ಒಂದು ಉಜ್ಜೀವನ ಕೂಟದಲ್ಲಿ ಬೋಧಕರೊಬ್ಬರು ಹಣವನ್ನು ಬೀಜವೆಂದು ಕೊಡಿ, ಆ ಬೀಜದ ಕಾಣಿಕೆ ಬಿತ್ತಿದರೆ ನೂರ್ಮಡಿ ಕೊಯ್ಯುತ್ತೀರಿ ಅಂದಿದ್ದರು. ಟೀಚರ್ ಗಂಡನಿಗೆ ತಿಳಿಸದೆ ಬಳೆ ಅಡವಿಟ್ಟು 40,000 ರೂಪಾಯಿ ತಂದು ಅದರಲ್ಲಿ 15,000 ಕಾಣಿಕೆ ಹಾಕಿದ್ದರು. ಬಡ್ಡಿ ಬೆಳೆಯುತ್ತಿತ್ತು. ಇಂಥ ಬೋಧನೆಯ ಬಗ್ಗೆ ನನಗೆ ಸಹನೆ ಕಡಿಮೆ. ಆಸೆಬುರುಕ ಮನಸ್ಸಿಗೆ ಅದು ನಂಬಿಕೆಯ ಅಂಗಿ ತೊಡಿಸಿ ಬೀದಿಗೆ ಬಿಡುತ್ತದೆ, ಆಮೇಲೆ ಆ ಮನಸ್ಸನ್ನು ಗದರಿಸುವವರೇ ಇರುವುದಿಲ್ಲ.

ಹೊರಡುವ ಹೊತ್ತಿಗೆ, ಕೊಡೆ ಕೈಗೆತ್ತಿಕೊಂಡು ನಿಂತವರು, ನಿಜವಾದ ವಿಷಯ ಹೇಳಿದರು. ನೆಗೆಣ್ಣಿಯ ಮಗ ಪಿಯುಸಿಯಲ್ಲಿ ಫೇಲಾಗಿದ್ದ. ಪ್ರಾರ್ಥನಾ ಕೂಟದಲ್ಲಿ ಅವನಿಗಾಗಿ ಕಣ್ಣೀರಿಟ್ಟು ಪ್ರಾರ್ಥಿಸಿದ್ದು ಇವರೇ. "ಆ ರಾತ್ರಿ ನಂಗ ಚಲೋ ನಿದ್ದಿ ಬಂತ್ರಿ ಅಕ್ಕಾರ. ಬಾಳ ದಿವಸದ ಮ್ಯಾಲ. ಮುಂಜಾನೆ ಎದ್ದಾಗ ಹೆದರಿಕಿ ಆತು."

ಆ ಹೆದರಿಕೆಯೇ ನನಗೆ ಭರವಸೆ ಕೊಟ್ಟಿತು.

ಮುಂದಿನ ಭೇಟಿಯಲ್ಲಿ ಬೈಬಲಿನಿಂದ ಇಸ್ರಾಯೇಲಿನ ಅರಸ ಅಹಾಬನ ಕಥೆ ಓದಿದೆವು, 1 ಅರಸುಗಳು 21. ಅರಮನೆಯಿದ್ದ ಅರಸನಿಗೆ ಪಕ್ಕದ ನಾಬೋತನ ದ್ರಾಕ್ಷಿತೋಟ ಬೇಕಾಯಿತು, ಅದೂ ಕಾಯಿಪಲ್ಲೆ ಬೆಳೆಯಲು. ಸಿಗದೆ ಹೋದಾಗ ಮಂಚದ ಮೇಲೆ ಮುಖ ತಿರುಗಿಸಿ ಮಲಗಿದ, ಊಟ ಬಿಟ್ಟ. ಕೊಲೆ ಆಮೇಲಿನದು, ಅದನ್ನು ನಡೆಸಿದ್ದೂ ಅವನ ಹೆಂಡತಿ ಈಜೆಬೆಲ್. ಅಹಾಬ ಮೊದಲು ಮಾಡಿದ್ದು ಮುನಿಸಿಕೊಂಡು ಮಲಗಿದ್ದು, ಅಷ್ಟೇ. ಟೀಚರ್ ಆ ನಾಲ್ಕನೇ ವಚನವನ್ನು ಎರಡು ಸಲ ಓದಿದರು.

ಲೋಭವು ವಿಗ್ರಹಾರಾಧನೆ ಎಂದು ಅಪೊಸ್ತಲ ಪೌಲನು ಕೊಲೊಸ್ಸೆಯವರಿಗೆ ಬರೆದ ಮಾತು (3:5) ನಮ್ಮವರಿಗೆ ಬಾಯಿಪಾಠ. ಅದು ಹೇಗೆ ನಡೆಯುತ್ತದೆಂದು ಈ ವಹಿಯಲ್ಲಿ ಕಂಡೆ. ಮೊದಲು ಸ್ತೋತ್ರ ನಿಂತಿತು. ಆಮೇಲೆ ನೆಗೆಣ್ಣಿ ಮನುಷ್ಯಳಾಗಿ ಕಾಣದೆ ಆಕೆಯ ಸಾಮಾನಷ್ಟೇ ಕಂಡಿತು. ಕೊನೆಗೆ ದೇವರೂ ಆ ಸಾಮಾನು ತರಿಸಿಕೊಡುವವನಾದ, ತಡವಾದಾಗ ಅವನ ಮೇಲೂ ಸಿಟ್ಟು ಬಂತು. ಇಷ್ಟೆಲ್ಲ ಆಗುವಾಗ ಹೊರಗೆ ಏನೂ ಬದಲಾಗಲಿಲ್ಲ: ಭಾನುವಾರದ ಆರಾಧನೆ ತಪ್ಪಲಿಲ್ಲ, ಉಪವಾಸ ತಪ್ಪಲಿಲ್ಲ. ಕುಡುಕನ ಪಾಪ ಬೀದಿಗೆ ಗೊತ್ತಾಗುತ್ತದೆ. ಇದು ಸ್ತ್ರೀಯರ ಕೂಟದ ಮುಂದಿನ ಸಾಲಿನಲ್ಲಿ ಕೂತು ಹಾಡಬಲ್ಲದು.

ನಾನು ಕೊಟ್ಟ ಸಲಹೆಯಲ್ಲಿ ಸಾಲದ್ದು ಮೊದಲು: ಅದೇ ವಾರ ಗಂಡನಿಗೆ ಹೇಳಬೇಕು, ಬಡ್ಡಿಯ ಲೆಕ್ಕ ಸಮೇತ. ಬೀಜದ ಕಾಣಿಕೆಗೆ ಇನ್ನು ಒಂದು ರೂಪಾಯಿಯೂ ಬೇಡ. ವಾಟ್ಸಾಪಿನಲ್ಲಿ ನೆಗೆಣ್ಣಿಯ ಸ್ಟೇಟಸ್ ಮ್ಯೂಟ್ ಮಾಡಿ ಅಂದೆ, ಅದಕ್ಕೆ ಅವರು ನಕ್ಕರು, ಆದರೆ ಮಾಡಿದರು.

ವಹಿಯ ವಿಷಯಕ್ಕೆ ಹೆಚ್ಚು ಹೊತ್ತು ಹಿಡಿಯಿತು. ಸ್ವಲ್ಪ ಕಾಲ ಎಡಪುಟದಲ್ಲಿ ಸೋರುವ ಹಂಚೊಂದನ್ನೇ ಬರೆಯಿರಿ, ಉಳಿದದ್ದನ್ನು ಬಿಡಿ ಅಂದೆ. ಬಲಪುಟಕ್ಕೆ ದಿನಕ್ಕೊಂದು ಸಾಲು, ಆ ದಿನ ನಿಜವಾಗಿ ನಡೆದದ್ದು ಮಾತ್ರ. ಹೊಟ್ಟೆಕಿಚ್ಚನ್ನು ಒಳ್ಳೆಯ ಮಾತಿನಲ್ಲಿ ಮುಚ್ಚದೆ ದೇವರ ಮುಂದೆ ಹಾಗೇ ಹೇಳಿ ಅಂದೆ. 73ನೇ ಕೀರ್ತನೆಯಲ್ಲಿ ಕೀರ್ತನೆಗಾರ ಆಸಾಫನು ಸೊಕ್ಕಿನವರ ಸುಖ ಕಂಡು ಉರಿದುಕೊಂಡದ್ದನ್ನೂ, ತಾನು ಪಶುವಿನಂತಾಗಿದ್ದೆ ಎನ್ನುವುದನ್ನೂ ದೇವರಿಗೇ ಹೇಳುತ್ತಾನೆ. ನೆಗೆಣ್ಣಿಗೆ ಫೋನು ಮಾಡಿ ಆಕೆಗೆ ಏನು ಬೇಕೆಂದು ಕೇಳಿ ಅದಕ್ಕಾಗಿ ಪ್ರಾರ್ಥಿಸಲು ಹೇಳಿದೆ. ಇಲ್ಲೊಂದು ಎಚ್ಚರಿಕೆಯನ್ನೂ ಕೊಟ್ಟೆ: ಆಕೆಗೂ ಕಷ್ಟವಿದೆ ಅಂತ ಕೇಳಿ ಒಳಗೊಳಗೆ ತಂಪಾದರೆ, ಅದು ಫೇಲಾದ ಹುಡುಗನ ರಾತ್ರಿಯ ನಿದ್ದೆಯೇ.

ಕಠಿಣವಾದದ್ದು ಆಸ್ತಿಯ ಮಾತು. ಮಾವನ ಜಾಗ ಮಾರಿದಾಗ ತಮ್ಮ ಗಂಡನಿಗೆ ಪಾಲು ಕಡಿಮೆ ಬಂತೆಂದು ಟೀಚರ್ ಹೇಳಿದರು, ಕಾಗದ ನೋಡಿದರೆ ಅದು ಬರೀ ಅನುಮಾನವಲ್ಲ. ಲೋಭದ ಹೆಸರು ಹೇಳಿ ನ್ಯಾಯದ ಬಾಯಿ ಮುಚ್ಚಿಸುವವರಿದ್ದಾರೆ, ನಾನು ಅದಕ್ಕೆ ಸೇರುವವಳಲ್ಲ. ಲೂಕ 12ರಲ್ಲಿ ಆಸ್ತಿಯಲ್ಲಿ ನನಗೆ ಪಾಲು ಕೊಡುವಂತೆ ನನ್ನ ಅಣ್ಣತಮ್ಮನಿಗೆ ಹೇಳು ಅಂದವನ ಹಕ್ಕು ಸುಳ್ಳೆಂದು ಯೇಸು ಎಲ್ಲೂ ಹೇಳುವುದಿಲ್ಲ. ನ್ಯಾಯಾಧಿಪತಿಯಾಗಲು ಒಪ್ಪದೆ, ಲೋಭದ ವಿಷಯದಲ್ಲಿ ಎಚ್ಚರವಾಗಿರಿ ಅನ್ನುತ್ತಾನೆ. ಹಕ್ಕಿದ್ದವನಿಗೂ ಆ ಎಚ್ಚರ ಬೇಕು. ಹಾಗಾಗಿ ಪಾಲಿನ ಮಾತನ್ನು ಕಾಗದ ಇಟ್ಟುಕೊಂಡು, ಹಿರಿಯರ ಮುಂದೆ, ಗಂಡನೇ ಆಡಲಿ, ಅಡುಗೆಮನೆಯಲ್ಲಿ ಅದನ್ನು ಕುದಿಸುತ್ತಾ ಕೂರಬೇಡಿ ಅಂದೆ.

ಗಂಡ ಸಾಲದ ಸುದ್ದಿ ಕೇಳಿ ಕೆಲವು ದಿನ ಮಾತು ಬಿಟ್ಟರು. ಆಮೇಲೆ ಓವರ್‌ಟೈಮ್ ಮಾಡಿ ಕಂತು ಕಟ್ಟತೊಡಗಿದರು, ಬಳೆ ಇನ್ನೂ ಅಡವಿನಲ್ಲೇ ಇದೆ. ನಿದ್ದೆ ಕೆಲವು ರಾತ್ರಿ ಬರುತ್ತದೆ, ಕೆಲವು ರಾತ್ರಿ ಇಲ್ಲ. ನೆಗೆಣ್ಣಿಗೆ ಫೋನು ಮಾಡಿದಾಗ ಆಕೆ ಕೇಳಿದ್ದು ನೈಟ್ ಡ್ಯೂಟಿಯಿಂದ ಕೆಟ್ಟ ಸೊಂಟನೋವಿಗೆ ಪ್ರಾರ್ಥನೆ. ತಂಪಾಯಿತೇ ಅಂತ ಕೇಳಿದೆ. "ಸ್ವಲ್ಪ ಆತ್ರಿ," ಅಂದರು ಟೀಚರ್, "ಅದನ್ನೂ ದೇವರ ಮುಂದ ಹೇಳೀನಿ."

ಮೈದುನ ಕ್ರಿಸ್ಮಸ್‌ಗೆ ಊರಿಗೆ ಬಂದಾಗ ಪಾಲಿನ ಮಾತುಕತೆ. ನಾನೂ ಬಂದು ಕೂರಬೇಕೆಂದು ಇಬ್ಬರೂ ಕೇಳಿದರು. ಬರುವುದಿಲ್ಲ ಅಂದಿದ್ದೇನೆ, ಸಭೆಯ ಹಿರಿಯರು ಇಬ್ಬರು ಒಪ್ಪಿದ್ದಾರೆ.